ನುಸಿಗುಳಿಗೆ ತಿಗಣೆಗೆ ಮದ್ದಲ್ಲ

ಮಾನ್ಯ ಸಂಪಾದಕರೇ,

ಮಂಚದ ಮೂಲೆಗಳಲ್ಲಿ ಮತ್ತು ಹಾಸಿಗೆಯ ಅಡಿಯಲ್ಲಿ ನುಸಿಗುಳಿಗೆ ಇಟ್ಟರೆ ತಿಗಣೆ ಕಾಟ ತೊಲಗುತ್ತದೆ ಎಂಬ ಸಲಹೆ ಹಿಂದೆ ಬಾಯಿಂದ ಬಾಯಿಗೆ ಹಬ್ಬುತ್ತಿತ್ತು. ಈಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಕಳೆದ ತಿಂಗಳು ನಮ್ಮ ಬೀದಿಯ ಬಾಣಂತಿಯೊಬ್ಬರನ್ನು ನೋಡಲು ಹೋದಾಗ, ಕೂಸು ಮಲಗಿದ್ದ ಹಾಸಿಗೆಯ ಕೆಳಗೇ ಆ ಬಿಳಿ ಗುಂಡುಗಳು ಕಂಡವು. ಅವನ್ನು ಆ ಕ್ಷಣವೇ ತೆಗೆಸಿದೆನಾದರೂ, ಇನ್ನೆಷ್ಟು ಮನೆಗಳಲ್ಲಿ ಹೀಗೆಯೇ ಇರಬಹುದೆಂಬ ಚಿಂತೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನುಸಿಗುಳಿಗೆಯನ್ನು ಸಾಮಾನ್ಯವಾಗಿ ನ್ಯಾಫ್ತಲೀನ್ ಅಥವಾ ಪ್ಯಾರಾಡೈಕ್ಲೋರೋಬೆಂಜೀನ್‌ನಿಂದ ಮಾಡುತ್ತಾರೆ. ಇವೆರಡೂ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತವೆ. ಬಿಗಿಯಾಗಿ ಮುಚ್ಚಿದ ಟ್ರಂಕಿನಲ್ಲಿ ಆ ಆವಿ ದಟ್ಟೈಸಿ ನಿಲ್ಲುವುದರಿಂದ ರೇಷ್ಮೆ, ಉಣ್ಣೆಯನ್ನು ತಿನ್ನುವ ನುಸಿಯ ಮರಿಗಳು ಸಾಯುತ್ತವೆ. ಆದರೆ ಕಿಟಕಿ ಬಾಗಿಲುಗಳಿರುವ ಮಲಗುವ ಕೋಣೆಯಲ್ಲಿ ಅದು ಚದುರಿಹೋಗುತ್ತದೆ. ಮಂಚದ ಬೆಸುಗೆಯ ಸಂದು, ಹಾಸಿಗೆಯ ಹೊಲಿಗೆ, ಗೋಡೆಯ ಬಿರುಕುಗಳಲ್ಲಿ ಅಡಗಿರುವ ತಿಗಣೆಗಳನ್ನೂ ಅವುಗಳ ಮೊಟ್ಟೆಗಳನ್ನೂ ಕೊಲ್ಲುವಷ್ಟು ಅಲ್ಲಿ ಉಳಿಯುವುದೇ ಇಲ್ಲ. ಉಳಿಯುವಷ್ಟು ಗುಳಿಗೆ ತುಂಬಿದರೆ ಆ ಕೋಣೆಯಲ್ಲಿ ಮನುಷ್ಯರು ಮಲಗುವಂತಿಲ್ಲ. ಮೂಗಿಗೆ ಬಡಿಯುವ ವಾಸನೆಯನ್ನೇ ನಾವು ಮದ್ದಿನ ಶಕ್ತಿಯೆಂದು ನಂಬಿ ಮೋಸಹೋಗುತ್ತಿದ್ದೇವೆ.

ನನ್ನ ಆತಂಕ ಮುಖ್ಯವಾಗಿ ಹಸುಗೂಸುಗಳ ಬಗ್ಗೆ. ನ್ಯಾಫ್ತಲೀನ್ ದೇಹದೊಳಗೆ ಸೇರಿದಾಗ ಕೆಂಪು ರಕ್ತಕಣಗಳಿಗೆ ಹಾನಿಯಾಗುತ್ತದೆ. ಈ ಹಾನಿಯಿಂದ ಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವ ಕೆಲವರಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಹುಟ್ಟಿನಿಂದಲೇ ಕಡಿಮೆ ಇರುತ್ತದೆ; ನಮ್ಮ ದೇಶದಲ್ಲೂ ಇಂತಹ ಮಕ್ಕಳಿದ್ದಾರೆ, ಆದರೆ ಪರೀಕ್ಷೆ ಮಾಡಿಸದೆ ಅದು ತಿಳಿಯುವುದಿಲ್ಲ. ಅಂತಹ ಕೂಸಿನ ರಕ್ತಕಣಗಳು ಒಡೆದು, ಕಾಮಾಲೆ ಏರಿ, ಮಿದುಳಿಗೇ ಪೆಟ್ಟಾಗಬಹುದು. ನಮ್ಮಲ್ಲಿ ಹಳೆಯ ಮೆತ್ತನೆಯ ಹತ್ತಿ ಸೀರೆಗಳನ್ನು, ತೊಟ್ಟಿಲ ಬಟ್ಟೆಗಳನ್ನು ನುಸಿಗುಳಿಗೆ ಹಾಕಿದ ಟ್ರಂಕಿನಲ್ಲಿ ವರ್ಷಗಟ್ಟಲೆ ಜೋಪಾನ ಮಾಡಿ, ಮಗು ಹುಟ್ಟಿದ ದಿನ ತೆಗೆದು ನೇರವಾಗಿ ಸುತ್ತುವ ರೂಢಿಯಿದೆ. ಇಂತಹ ಬಟ್ಟೆ, ಕಂಬಳಿಗಳಿಂದಲೇ ನವಜಾತ ಶಿಶುಗಳು ಅಸ್ವಸ್ಥವಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ನ್ಯಾಫ್ತಲೀನ್ ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ, ಎಣ್ಣೆ ಸವರಿದ ಎಳೆ ಚರ್ಮ ಅದನ್ನು ಇನ್ನೂ ಸುಲಭವಾಗಿ ಹೀರಿಕೊಳ್ಳುತ್ತದೆ ಎಂಬುದನ್ನು, ಕೂಸಿಗೆ ದಿನವೂ ಎಣ್ಣೆ ಹಚ್ಚಿ ಎರೆಯುವ ನಾವು ಮರೆಯಬಾರದು. ತೆವಳುವ ವಯಸ್ಸಿನ ಮಕ್ಕಳು ಈ ಗುಂಡುಗಳನ್ನು ಪೆಪ್ಪರಮಿಂಟೆಂದು ಬಾಯಿಗೆ ಹಾಕಿಕೊಳ್ಳುವ ಅಪಾಯ ಬೇರೆ.

ಐರೋಪ್ಯ ಒಕ್ಕೂಟವು 2008ರಲ್ಲಿಯೇ ನ್ಯಾಫ್ತಲೀನ್ ನುಸಿಗುಳಿಗೆಗಳನ್ನು ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಅವು ಇಂದಿಗೂ ಸಲೀಸಾಗಿ ಸಿಗುತ್ತವೆ. ಇದಕ್ಕಿಂತ ಘೋರವಾದ ಮಾತೆಂದರೆ, ಕಾಳಿನ ಮೂಟೆಗಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನೂ ಕೆಲವರು ಮನೆಯೊಳಗೆ ಬಳಸುತ್ತಾರೆ. ಅದರಿಂದ ಹೊಮ್ಮುವ ಫಾಸ್ಫೀನ್ ಅನಿಲ ಮಲಗಿದ್ದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು.

ತಿಗಣೆ ಸಾಯುವುದು ಬಿಸಿಗೆ. ನಮ್ಮ ಹಿರಿಯರು ಮಂಚವನ್ನು ಅಂಗಳಕ್ಕೆ ತಂದು ಸಂದುಸಂದಿಗೂ ಕುದಿಯುವ ನೀರು ಹೊಯ್ಯುತ್ತಿದ್ದುದು ಸರಿಯಾದ ಕ್ರಮವೇ ಆಗಿತ್ತು. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆಯಬೇಕು. ಹಾಸಿಗೆಯನ್ನು ಬಿಸಿಲಿಗೆ ಹಾಕಿದರಷ್ಟೇ ಸಾಲದು, ಏಕೆಂದರೆ ತಿಗಣೆಗಳು ನೆರಳಿನ ಬದಿಗೆ ಸರಿದುಕೊಳ್ಳುತ್ತವೆ. ಹೊಲಿಗೆಗಳನ್ನು ಬಿಡಿಸಿ ನೋಡಿ ಹೆಕ್ಕಬೇಕಾಗುತ್ತದೆ. ಉಳಿದ ಮೊಟ್ಟೆಗಳು ಒಂದೆರಡು ವಾರದಲ್ಲಿ ಒಡೆಯುವುದರಿಂದ ಈ ಕೆಲಸವನ್ನು ಮತ್ತೆ ಮತ್ತೆ ಮಾಡದೆ ಗತ್ಯಂತರವಿಲ್ಲ.

ನುಸಿಗುಳಿಗೆಯ ಪೊಟ್ಟಣದ ಮೇಲೆ ಹಸುಗೂಸುಗಳಿಗೆ ಆಗುವ ಅಪಾಯವನ್ನು ದಪ್ಪ ಅಕ್ಷರಗಳ ಕನ್ನಡದಲ್ಲಿ ಮುದ್ರಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು. ಹೆರಿಗೆಯಾದ ಮನೆಗಳಿಗೆ ಭೇಟಿ ಕೊಡುವ ಆಶಾ ಕಾರ್ಯಕರ್ತೆಯರು, ಕೂಸಿಗೆ ಸುತ್ತಿದ ಬಟ್ಟೆಯನ್ನು ಯಾವ ಪೆಟ್ಟಿಗೆಯಿಂದ ತೆಗೆದದ್ದು ಎಂದು ಒಂದು ಮಾತು ಕೇಳುವಂತೆ ಆರೋಗ್ಯ ಇಲಾಖೆ ಸೂಚಿಸಲಿ ಎಂದು ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಶಿವಮೊಗ್ಗ