ಹೊಟ್ಟೆ ಬಿಗಿಹಿಡಿದರೆ ಬೆನ್ನು ನೆಟ್ಟಗಾಗದು

ಮಾನ್ಯ ಸಂಪಾದಕರೇ,

ಆರೋಗ್ಯ ಪುಟಗಳಲ್ಲಿ ಸೊಂಟನೋವಿನ ಮಾತು ಬಂದಾಗಲೆಲ್ಲ ‘ಹೊಟ್ಟೆ ಒಳಗೆಳೆದು ನೆಟ್ಟಗೆ ಕೂರಿ, ದಿನಾ ಸಿಟ್-ಅಪ್ ಮಾಡಿ’ ಎಂಬ ಸಲಹೆ ಇದ್ದೇ ಇರುತ್ತದೆ. ಇದನ್ನು ತಿದ್ದಬೇಕು.

ಬೆನ್ನುಮೂಳೆಗೆ ಆಸರೆ ಕೊಡಲು ಹೊರಗೆ ಕಾಣುವ ‘ಸಿಕ್ಸ್ ಪ್ಯಾಕ್’ ಒಂದೇ ಸಾಲದು. ಹೊಟ್ಟೆಯನ್ನು ಅಡ್ಡಲಾಗಿ ಸುತ್ತಿದ ಟ್ರಾನ್ಸ್‌ವರ್ಸಸ್, ಕಶೇರುಗಳನ್ನು ಬೆಸೆದಿರುವ ಮಲ್ಟಿಫಿಡಸ್, ಮೇಲೆ ಉಸಿರಾಟದ ಮುಖ್ಯ ಸ್ನಾಯುವಾದ ವಪೆ (ಡಯಾಫ್ರಂ), ಕೆಳಗೆ ಶ್ರೋಣಿತಳದ (ಕಿಬ್ಬೊಟ್ಟೆಯ ತಳದ) ಸ್ನಾಯುಗಳು ಒಟ್ಟಿಗೆ ಕೆಲಸ ಮಾಡಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಸೊಂಟ ಭದ್ರವಾಗುತ್ತದೆ. ನೋವಿಲ್ಲದವರಲ್ಲಿ ಕೈ ಎತ್ತುವ ಮುನ್ನವೇ ಟ್ರಾನ್ಸ್‌ವರ್ಸಸ್ ಬಿಗಿಯುತ್ತದೆ, ಸೊಂಟನೋವಿದ್ದವರಲ್ಲಿ ತಡವಾಗುತ್ತದೆ ಎಂದು ಆಸ್ಟ್ರೇಲಿಯಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ 1996ರಲ್ಲಿ ತೋರಿಸಿದರು. ಅದರರ್ಥ ದಿನವಿಡೀ ಹೊಟ್ಟೆ ಎಳೆದುಕೊಂಡಿರಬೇಕು ಎಂದಲ್ಲ. ಕೂರಲು, ನಿಲ್ಲಲು ಈ ಸ್ನಾಯುಗಳ ಬಲದಲ್ಲಿ ಸಣ್ಣ ಪಾಲು ಸಾಕು, ಬೇಕಾದದ್ದು ತಾಳಿಕೆ. ಸದಾ ಬಿಗಿಹಿಡಿದರೆ ವಪೆ ಇಳಿಯಲು ಜಾಗವಿಲ್ಲದೆ ಉಸಿರು ಎದೆಯ ಮೇಲ್ಭಾಗಕ್ಕೇರುತ್ತದೆ, ಕತ್ತು, ಭುಜ ದಣಿಯುತ್ತವೆ.

ಸಿಟ್-ಅಪ್‌ನಲ್ಲಿ, ಅದರಲ್ಲೂ ಪಾದ ಒತ್ತಿಹಿಡಿದು ಮಾಡುವಾಗ, ತೊಡೆಯನ್ನು ಮೇಲೆತ್ತುವ ಸೋವಾಸ್ ಸ್ನಾಯು ಜೋರಾಗಿ ಎಳೆದು ಕಶೇರುಗಳ ನಡುವಿನ ಡಿಸ್ಕ್‌ಗಳ ಮೇಲೆ ಭಾರ ಬೀಳುತ್ತದೆ. ಅದರ ಬದಲು ‘ಡೆಡ್ ಬಗ್’ ಎಂಬ ವ್ಯಾಯಾಮ ಕಲಿಸಿ. ಅಂಗಾತ ಮಲಗಿ ಎರಡೂ ಕೈಗಳನ್ನು ಮೇಲಕ್ಕೆ ನೇರ ಚಾಚಿ, ಮಂಡಿಗಳನ್ನು 90 ಡಿಗ್ರಿ ಮಡಿಸಿ ಸೊಂಟದ ನೇರ ಮೇಲಕ್ಕೆ ತನ್ನಿ. ಉಸಿರು ಬಿಡುತ್ತ ಬಲಗೈಯನ್ನು ತಲೆಯ ಹಿಂದಕ್ಕೂ ಎಡಗಾಲನ್ನು ಚಾಚುತ್ತ ನೆಲದತ್ತಲೂ ನಿಧಾನವಾಗಿ ಇಳಿಸಿ, ಉಸಿರೆಳೆಯುತ್ತ ವಾಪಸ್ ತನ್ನಿ. ಪ್ರತಿ ಬದಿಗೆ 6ರಿಂದ 8 ಸಲ ಸಾಕು. ಅಂಗೈಯೊಂದನ್ನು ಸೊಂಟದಡಿ ಇಟ್ಟು ನೋಡಿದರೆ ತಪ್ಪು ತಿಳಿಯುತ್ತದೆ: ಕಾಲು ಇಳಿದಂತೆ ಬೆನ್ನು ಕಮಾನಾಗಿ ಕೈಮೇಲಿನ ಒತ್ತಡ ತಪ್ಪಿದರೆ ಕಾಲು ಅಳತೆ ಮೀರಿ ಹೋಗಿದೆ. ಆಗ ಮಂಡಿ ಮಡಿಸಿಯೇ ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಬೇಕು.

ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೆಟ್ಟಗೆ ಹಿಡಿಯುವ ಪ್ಲ್ಯಾಂಕ್‌ನಲ್ಲಿ ನಿಮಿಷಗಟ್ಟಲೆ ನಿಲ್ಲುವ ಪೈಪೋಟಿಯೂ ಬೇಡ. ಸೊಂಟ ಜೋತ ಮೇಲೆ, ಉಸಿರು ಕಟ್ಟಿದ ಮೇಲೆ ಉಳಿದ ಹೊತ್ತು ವ್ಯರ್ಥ. 10 ಸೆಕೆಂಡಿನಂತೆ 5 ಸಲ, ನಡುವೆ ಬಿಡುವು ಕೊಟ್ಟು ಮಾಡುವುದು ಎಷ್ಟೋ ಮೇಲು. ಇಷ್ಟಾದರೂ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತರೆ ಯಾವ ಸ್ನಾಯುವೂ ತಡೆಯದು; ಅರ್ಧ ಗಂಟೆಗೊಮ್ಮೆ ಏಳಲೇಬೇಕು.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ಸರಿಯಾದ ಚಿತ್ರದ ಪಕ್ಕದಲ್ಲೇ ತಪ್ಪು ಭಂಗಿಯನ್ನೂ ತೋರಿಸಿ. ಕಾಲಿಗೆ ಜೋಮು ಇಳಿಯುತ್ತಿದ್ದರೆ ವ್ಯಾಯಾಮಕ್ಕೆ ಮುನ್ನ ವೈದ್ಯರನ್ನು ಕಾಣಬೇಕು, ಮೂತ್ರದ ಹತೋಟಿ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬ ಸಾಲನ್ನು ದಯವಿಟ್ಟು ದಪ್ಪಕ್ಷರದಲ್ಲಿ ಹಾಕಿ.

– ಒಬ್ಬ ಫಿಸಿಯೊಥೆರಪಿಸ್ಟ್