ಕವರ್ ಮೇಲೆ ಡಾಲ್ಬಿ, ಒಳಗೆ ಒಂದೇ ಮೈಕು

ಮಾನ್ಯ ಸಂಪಾದಕರೇ,

ಮೊನ್ನೆ ಜಾತ್ರೆ ಪೇಟೇಲಿ ಒಂದು ಯಕ್ಷಗಾನದ ಡಿವಿಡಿ ತಗೊಂಡೆ, 80 ರೂಪಾಯಿ. ಈ ಪೆನ್‌ಡ್ರೈವ್ ಕಾಲದಲ್ಲೂ ನಮ್ಮ ಕಡೆ ವಯಸ್ಸಾದೋರ ಮನೇಲಿ ಟೀವಿ ಕೆಳಗೆ ಡಿವಿಡಿ ಪ್ಲೇಯರ್ ಕೂತೇ ಇರ್ತದೆ, ಹಾಗಾಗಿ ಯಕ್ಷಗಾನ ಆಟದ ಡಿಸ್ಕುಗಳು ಇನ್ನೂ ಖರ್ಚಾಗ್ತವೆ. ಕವರಿನ ಕೆಳಗಡೆ ಸಾಲಾಗಿ ಲೋಗೋ: ಡಿವಿಡಿ ವಿಡಿಯೋದ್ದು, ಡಾಲ್ಬಿ ಕಂಪನಿಯ ಸೌಂಡ್ ತಂತ್ರಜ್ಞಾನ ಡಾಲ್ಬಿ ಡಿಜಿಟಲ್‌ದು, ಪಕ್ಕದಲ್ಲಿ 5.1 ಅಂತ ಬೇರೆ, ಸಾಲದ್ದಕ್ಕೆ ನೀಲಿ ಬಣ್ಣದ ಬ್ಲೂ-ರೇ (ಅದು ಡಿವಿಡಿ ಅಲ್ಲದ ಬೇರೆಯೇ ಜಾತಿ ಡಿಸ್ಕು) ಲೋಗೋನೂ ಇತ್ತು. ಬಿಚ್ಚಿ ನೋಡಿದ್ರೆ ಕಂಪ್ಯೂಟರಲ್ಲಿ ಬರ್ನ್ ಮಾಡಿದ ಮಾಮೂಲಿ ಡಿವಿಡಿ-ಆರ್, ಅಡಿ ಭಾಗ ನೇರಳೆ ಬಣ್ಣ (ಫ್ಯಾಕ್ಟರೀಲಿ ಪ್ರೆಸ್ ಮಾಡಿದ್ದಾದ್ರೆ ಬೆಳ್ಳಿ ಥರ ಹೊಳೀತದೆ). ಹಾಕಿ ಕೇಳಿದ್ರೆ ಚಂಡೆ ಪಕ್ಕ ಇಟ್ಟ ಒಂದೇ ಮೈಕಿನ ಸೌಂಡು, ಪಾಪ ಭಾಗವತರ ಪದ ಬಾವಿ ಒಳಗಿಂದ ಬಂದ ಹಾಗೆ. 5.1 ಅಂದ್ರೆ ಆರು ಚಾನೆಲ್ ಸ್ವಾಮಿ, ಒಂದು ಮೈಕಿಗೆ ಆರು ಎಲ್ಲಿಂದ ಬರ್ತದೆ?

ಬೈಯೋಕೆ ಬರೀತಾ ಇಲ್ಲ. ನಾನೂ ಇದೇ ಕಸುಬಿನವನು, ಇದೇ ಕೆಲಸ ವರ್ಷಗಟ್ಟಲೆ ಮಾಡಿದೀನಿ. ಮದುವೆ, ಉಪನಯನ, ಆಟ ಏನೇ ಶೂಟ್ ಮಾಡಿದ್ರೂ ಗೂಗಲಲ್ಲಿ ಲೋಗೋ ಹುಡುಕಿ ಫೋಟೋಶಾಪಲ್ಲಿ ಕವರಿನ ಮೂಲೇಲಿ ಕೂರಿಸಿಬಿಡೋದು, ಕಂಪನಿ ಡಿಸ್ಕ್ ಥರ ಕಾಣ್ತದೆ ಅಂತ, ಅಷ್ಟೇ ಲೆಕ್ಕ. ಬುದ್ಧಿ ಬಂದದ್ದು ಒಂದ್ಸಲ 1000 ಡಿಸ್ಕ್ ಪ್ರೆಸ್ ಮಾಡ್ಸೋಕೆ ಹೊರರಾಜ್ಯದ ಒಂದು ಫ್ಯಾಕ್ಟರಿಗೆ ಕಳ್ಸಿದಾಗ. ಕವರ್ ಡಿಸೈನ್ ವಾಪಸ್ ಬಂತು, ಎರಡು ಲೋಗೋಗೂ ಕೆಂಪು ಸುತ್ತು ಹಾಕಿದ್ರು. ಡಿವಿಡಿ ಲೋಗೋ ಲೈಸೆನ್ಸ್ ನಮ್ಮತ್ರ ಇಲ್ಲ ತೆಗೀರಿ, ಡಾಲ್ಬಿಯವರ ಜೊತೆ ನಿಮ್ಮದು ಅಗ್ರಿಮೆಂಟ್ ಇದ್ರೆ ಪೇಪರ್ ಕಳ್ಸಿ ಅಂತ. ನಂಗೆ ಆಗ ಸಿಟ್ಟೇ ಬಂತು, ದುಡ್ಡು ಕೊಡೋನು ನಾನು, ನನ್ನ ಕವರ್ ಮೇಲೆ ಏನಿರ್ಬೇಕು ಅಂತ ಹೇಳೋಕೆ ಇವರ್ಯಾರು ಅಂತ. ಆಮೇಲೆ ಕೂತು ಓದಿದ್ಮೇಲೆ ಗೊತ್ತಾಯ್ತು ಅವರು ಹೇಳಿದ್ದೇ ಸರಿ.

ಡಿವಿಡಿ ಲೋಗೋ ಯಾರು ಬೇಕಾದ್ರೂ ಎತ್ಕೊಳ್ಳೋ ಚಿತ್ರ ಅಲ್ಲ. 2000ನೇ ಇಸವಿಯಿಂದ ಟೋಕಿಯೋದ ಡಿವಿಡಿ ಫಾರ್ಮ್ಯಾಟ್/ಲೋಗೋ ಲೈಸೆನ್ಸಿಂಗ್ ಕಾರ್ಪೊರೇಶನ್ ಅನ್ನೋ ಸಂಸ್ಥೆ ಅದರ ಲೈಸೆನ್ಸ್ ಕೊಡ್ತಾ ಬಂತು, ಅದಕ್ಕೂ ಮುಂಚೆ ತೋಷಿಬಾದವರು ಕೊಡ್ತಿದ್ರು. ಡಿಸ್ಕ್ ಸ್ಪೆಸಿಫಿಕೇಶನ್ ಪ್ರಕಾರ ಇರ್ಬೇಕು, ಲೈಸೆನ್ಸ್ ಇರೋ ಕಡೆ ತಯಾರಾಗಿರ್ಬೇಕು, ಆಗ ಲೋಗೋ. ಖಾಲಿ ಡಿಸ್ಕ್ ಕೊಂಡಾಗ ನಡುವಿನ ತೂತಿನ ಸುತ್ತ ಸಣ್ಣದಾಗಿ ಡಿವಿಡಿ-ಆರ್ ಲೋಗೋ, 4.7 ಜಿಬಿ ಅಂತ ಇರ್ತದಲ್ಲ, ಅದು ಆ ಖಾಲಿ ಡಿಸ್ಕ್ ಮಾಡಿದ ಕಂಪನೀದು, ನಾವು ಅದರೊಳಗೆ ತುಂಬಿಸಿದ ಆಟಕ್ಕೆ ಸಿಕ್ಕ ಸರ್ಟಿಫಿಕೇಟ್ ಅಲ್ಲ. ಮನೇಲಿ ಹಿಂಡಿದ ಜೇನು ಎಷ್ಟೇ ಚೊಕ್ಕ ಇದ್ರೂ ಬಾಟ್ಲಿಗೆ ನಾವೇ ಅಗ್‌ಮಾರ್ಕ್ ಸೀಲ್ ಅಂಟಿಸ್ಕೊಳ್ಳೋಕಾಗ್ತದಾ?

ನನ್ನ ಪೈಕಿಯವರು ಇಲ್ಲಿ ಒಂದು ವಾದ ಹಾಕ್ತಾರೆ, ಎಡಿಟಿಂಗ್ ಸಾಫ್ಟ್‌ವೇರೇ ಡಾಲ್ಬಿ ಡಿಜಿಟಲ್ ಅಂತ ತೋರಿಸಿ ಎಕ್ಸ್‌ಪೋರ್ಟ್ ಮಾಡ್ತದೆ, ಮತ್ತೆ ಲೋಗೋ ಹಾಕಿದ್ರೆ ಏನು ತಪ್ಪು ಅಂತ. ಆ ಆಡಿಯೋ ತಂತ್ರಜ್ಞಾನದ ಪೇಟೆಂಟುಗಳು 2017ರಲ್ಲೇ ಮುಗಿದವು, ಅದು ನಿಜ, ಆದ್ರೆ ಜೋಡಿ ಡಿ ಇರೋ ಆ ಗುರುತು ಟ್ರೇಡ್‌ಮಾರ್ಕು. ಪೇಟೆಂಟಿಗೆ 20 ವರ್ಷದ ಆಯಸ್ಸು, ಟ್ರೇಡ್‌ಮಾರ್ಕ್ ಆದ್ರೆ 10 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸ್ತಾ ಹೋದ್ರೆ ಸಾಯೋದೇ ಇಲ್ಲ.

ಲೋಗೋ ಮಾಲೀಕರು ದೊಡ್ಡೋರನ್ನೂ ಬಿಟ್ಟಿಲ್ಲ. 2002ರಲ್ಲಿ ದೊಡ್ಡ ದೊಡ್ಡ ಮ್ಯೂಸಿಕ್ ಕಂಪನಿಗಳು ಕಾಪಿ ಮಾಡೋಕಾಗದ ಥರ ಸಿಡಿ ಬಿಡೋಕೆ ಶುರು ಮಾಡಿದಾಗ ಫಿಲಿಪ್ಸ್‌ನವರು ಇವು ನಮ್ಮ ಸ್ಟ್ಯಾಂಡರ್ಡ್ ಪ್ರಕಾರ ಇಲ್ಲ, ಕಾಂಪ್ಯಾಕ್ಟ್ ಡಿಸ್ಕ್ ಲೋಗೋ ಹಾಕ್ಬೇಡಿ ಅಂದಿದ್ರು. ಕೋಟಿಗಟ್ಟಲೆ ವ್ಯಾಪಾರ ಮಾಡೋರಿಗೇ ಹಾಗೆ.

ನಮ್ಮಲ್ಲಿ 1999ರ ಟ್ರೇಡ್ ಮಾರ್ಕ್ಸ್ ಆಕ್ಟ್ ಇದೆ, ಸುಳ್ಳು ಟ್ರೇಡ್‌ಮಾರ್ಕ್ ಹಾಕೋದಕ್ಕೆ 103ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಅಂತ ಇದೆ. ಮದುವೆ ಡಿವಿಡಿಗೆ ಯಾರೂ ಹುಡುಕ್ಕೊಂಡು ಬರಲ್ಲ ಅನ್ನೋದು ನಂಗೂ ಗೊತ್ತು. ಆದ್ರೆ ಮಾರೋಕೆ ಅಂತ ಮಾಡಿದ ಡಿಸ್ಕಿನ ಕಥೆ ಬೇರೆ.

ಡಿವಿಡಿ ಅಂತ ಬರೀಲೇಬಾರ್ದಾ ಅಂತ ಕೇಳಿದ್ರೆ, ಧಾರಾಳವಾಗಿ ಬರೀರಿ. ಇದು ಎಂಥ ವಸ್ತು ಅಂತ ಪ್ರಾಮಾಣಿಕವಾಗಿ ಹೇಳೋದಕ್ಕೆ ಅದೇ ಕಾಯ್ದೆಯ 30ನೇ ಸೆಕ್ಷನ್ ಜಾಗ ಬಿಟ್ಟಿದೆ, ಸಾದಾ ಅಕ್ಷರದಲ್ಲಿ ಡಿವಿಡಿ, ಸ್ಟೀರಿಯೋ, ಇಷ್ಟು ಗಂಟೆ ಅಂತ ಹಾಕಿದ್ರೆ ಮುಗೀತು. ನಂಗೆ ನಗು ಬರೋದು ಬೇರೆ ವಿಷಯಕ್ಕೆ. ನಾನು ತಂದ ಡಿಸ್ಕಲ್ಲಿ ಯಾರೂ ಕೇಳದ ಮೂರು ಲೋಗೋ ಇದ್ವು, ಕಾನೂನು ಕೇಳೋದು ಒಂದೂ ಇರ್ಲಿಲ್ಲ. ಕಾಪಿರೈಟ್ ಕಾಯ್ದೆಯ 52ಎ ಸೆಕ್ಷನ್ ಪ್ರಕಾರ ವಿಡಿಯೋ ಫಿಲ್ಮ್ ಮಾಡಿದವರ ಹೆಸರು ವಿಳಾಸ, ಕಾಪಿರೈಟ್ ಯಾರದ್ದೋ ಅವರ ಹೆಸರು ವಿಳಾಸ, ಅವರ ಒಪ್ಪಿಗೆ ತಗೊಂಡಿದೀವಿ ಅನ್ನೋ ಮಾತು, ಸೆನ್ಸಾರ್ ಬೇಕಾದ ಸಿನಿಮಾ ಆದ್ರೆ ಆ ಸರ್ಟಿಫಿಕೇಟಿನ ಪ್ರತಿ, ಇಷ್ಟು ಇರ್ಲೇಬೇಕು. ಈ ಕವರಲ್ಲಿ ಪ್ರಸಂಗ ಬರೆದವರ ಹೆಸರಿಲ್ಲ, ಮದ್ದಲೆಯವರ ಹೆಸರೂ ಇಲ್ಲ, ಒಂದು ಫೋನ್ ನಂಬರ್ ಮಾತ್ರ ಇತ್ತು, ಅದೂ ಸ್ವಿಚ್ ಆಫ್.

ನನ್ನ ಕವರಲ್ಲಿ ಲೋಗೋ ತೆಗೆದ ಜಾಗದಲ್ಲಿ ಈಗ ಹಿಮ್ಮೇಳದವರ ಹೆಸರು ಹಾಕ್ತಿದೀನಿ, ಗಿರಾಕಿಗಳು ಯಾರೂ ಲೋಗೋ ಎಲ್ಲಿ ಅಂತ ಈವರೆಗೆ ಕೇಳಿಲ್ಲ. ಫೋಟೋ ವಿಡಿಯೋಗ್ರಾಫರ್ ಸಂಘದವರು ಮುಂದಿನ ಮೀಟಿಂಗಲ್ಲಿ ಇದನ್ನ ಒಂದು ಹತ್ತು ನಿಮಿಷ ಎತ್ಕೊಳ್ಳಲಿ, ಕವರ್ ಪ್ರಿಂಟ್ ಮಾಡೋ ಆಫ್‌ಸೆಟ್ ಪ್ರೆಸ್‌ನವರೂ ಲೋಗೋ ಕಂಡ್ರೆ ಲೈಸೆನ್ಸ್ ಇದೆಯಾ ಅಂತ ಒಂದು ಮಾತು ಕೇಳಲಿ.

ಒಬ್ಬ ವಿಡಿಯೋಗ್ರಾಫರ್, ಶಿರಸಿ