ಆರೋಗ್ಯ ಮಂತ್ರಿಗಳಿಗೊಂದು ಬಹಿರಂಗ ಪತ್ರ: ನೋವಿನ ಮಾತ್ರೆಯೇ ನೋವು ಏರಿಸಿದ್ರೆ ಯಾರ ಹತ್ರ ಹೇಳೋದು?

ಮಾನ್ಯ ಆರೋಗ್ಯ ಮಂತ್ರಿಗಳಿಗೆ ನಮಸ್ಕಾರ.

ಓಪಿಯಾಯ್ಡ್ ಮಾತ್ರೆ, ಅಂದ್ರೆ ಮಾರ್ಫಿನ್ ಥರದ ನೋವಿನ ಮಾತ್ರೆ, ಅಂದ ತಕ್ಷಣ ನಿಮ್ಮ ಇಲಾಖೆಯವರು ಮಾತಾಡೋದು ಎರಡೇ, ಚಟ ಮತ್ತೆ ಕಳ್ಳ ಮಾರಾಟ. ನಾನು ಬರೀತಿರೋದು ಆ ವಿಷಯ ಅಲ್ಲ. ಡಾಕ್ಟರ್ ಚೀಟಿ ಇಟ್ಕೊಂಡು, ಹೊತ್ತು ಹೊತ್ತಿಗೆ ಸರಿಯಾಗಿ, ಒಂದು ಮಾತ್ರೆನೂ ಹೆಚ್ಚಿಗೆ ನುಂಗದೆ ಹಾಳಾಗ್ತಿರೋರ ಬಗ್ಗೆ, ನಮ್ಮಕ್ಕನಂಥೋರ ಬಗ್ಗೆ.

ಅಕ್ಕನಿಗೆ ಇದ್ದಿದ್ದು ಸೊಂಟ ನೋವು. ಮೊದಲು ಟ್ರಮಡಾಲ್, ಆಮೇಲೆ ಮಾರ್ಫಿನ್. ಶುರುವಲ್ಲಿ ಕೆಲವು ತಿಂಗಳು ಆರಾಮಾಗೇ ಇದ್ಲು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಡೋಸ್ ಏರಿಸಿದ್ರೆ ಹತ್ತು ದಿನ ಪರವಾಗಿಲ್ಲ, ಮತ್ತೆ ನೋವು, ಮತ್ತೆ ಏರಿಸೋದು, ಹೀಗೇ ನಾಲ್ಕು ವರ್ಷ. ಕೊನೆಕೊನೆಗೆ ಸೊಂಟದ ನೋವು ಸೊಂಟದಲ್ಲೇ ನಿಲ್ಲಲಿಲ್ಲ, ಭುಜಕ್ಕೆ ಬಂತು, ತೊಡೆಗೆ ಬಂತು, ಎಲ್ಲಿ ನೋಯ್ತಿದೆ ಅಂತ ಕೇಳಿದ್ರೆ ತೋರಿಸೋಕೆ ಅವಳಿಗೇ ಗೊತ್ತಾಗ್ತಿರಲಿಲ್ಲ. ಒಂದು ರಾತ್ರಿ ಹೊದಿಸೋಕೆ ಹೋದೆ, ತೆಳು ಬಟ್ಟೆ, ಪಾದಕ್ಕೆ ತಾಗಿದ್ದೇ ತಡ ಕಿರುಚಿಕೊಂಡ್ಲು. ಸ್ಕ್ಯಾನ್ ಮಾಡಿಸಿದ್ರೆ ಅದರಲ್ಲಿ ಹೊಸದೇನೂ ಇಲ್ಲ. ಆಗ ತೋರಿಸ್ತಿದ್ದ ಆಸ್ಪತ್ರೆಲಿ ಡೋಸ್ ಸಾಲ್ತಿಲ್ಲ ಅಂದ್ರು, ಒಬ್ಬರಂತೂ ಮನಸ್ಸಿಗೆ ಹಚ್ಕೊಂಡಿದಾರೆ ಅಷ್ಟೇ ಅಂದ್ಬಿಟ್ರು.

ಇದಕ್ಕೊಂದು ಹೆಸರಿದೆ ಮಂತ್ರಿಗಳೇ, ಹೈಪರಾಲ್ಜೀಸಿಯಾ ಅಂತಾರೆ, ಓಪಿಯಾಯ್ಡ್ ತಗೊಂಡೂ ತಗೊಂಡೂ ನೋವು ಜಾಸ್ತಿ ಆಗೋದು. ಎಲ್ಲರಿಗೂ ಆಗಲ್ಲ, ಆದ್ರೆ ಆಗುತ್ತೆ. ಹೊಸ ವಿಷಯನೂ ಅಲ್ಲ, 1870ರಲ್ಲೇ ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಅನ್ನೋ ಡಾಕ್ಟರು ಮಾರ್ಫಿನ್ ಚುಚ್ಚಿಸ್ಕೊಳ್ಳೋರನ್ನ ನೋಡಿ, ಯಾವ ನೋವು ಕಮ್ಮಿ ಮಾಡೋಕೆ ಕೊಡ್ತಿದೀವೋ ಅದನ್ನೇ ಈ ಔಷಧಿ ಬೆಳೆಸ್ತಿದೆಯೇನೋ ಅಂತ ಅನುಮಾನಪಟ್ಟು ಬರೆದಿದ್ರು.

ಡೋಸ್ ಸಾಲ್ತಿಲ್ಲ ಅಂತಾರಲ್ಲ, ಆ ಟಾಲರೆನ್ಸ್ ಅನ್ನೋದು ಬೇರೆ. ಅದು ಮೈ ಮಾತ್ರೆಗೆ ಒಗ್ಗಿಹೋಗೋದು, ನರಗಳಲ್ಲಿ ಔಷಧಿ ಹೋಗಿ ಅಂಟೋ ರಿಸೆಪ್ಟರ್ ಅನ್ನೋ ಜಾಗಗಳು ಮೊದಲಿನಷ್ಟು ಕಿವಿಗೊಡಲ್ಲ, ಡೋಸ್ ಏರಿಸಿದ್ರೆ ಸ್ವಲ್ಪ ಕಾಲ ಮತ್ತೆ ಕೆಲಸ ಮಾಡುತ್ತೆ. ಹೈಪರಾಲ್ಜೀಸಿಯಾದಲ್ಲಿ ಬೆನ್ನುಹುರಿಯೊಳಗೆ ನೋವಿನ ಸುದ್ದಿ ಸಾಗಿಸೋ ದಾರಿನೇ ಅತಿ ಚುರುಕಾಗಿರುತ್ತೆ, ಗ್ಲುಟಮೇಟ್ ಅನ್ನೋ ರಾಸಾಯನಿಕ ಎನ್‌ಎಂಡಿಎ ಅನ್ನೋ ಇನ್ನೊಂದು ಥರದ ರಿಸೆಪ್ಟರ್‌ಗಳನ್ನ ಕೆಣಕ್ತಾ ಇರುತ್ತೆ, ಅಂಥ ಹೊತ್ತಲ್ಲಿ ಡೋಸ್ ಏರಿಸೋದು ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ. ಕಷ್ಟ ಇರೋದೇ ಇಲ್ಲಿ, ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ, ರೋಗಿ ಬಂದು "ನೋವು ತಡೆಯೋಕಾಗ್ತಿಲ್ಲ" ಅಂತಾರೆ ಅಷ್ಟೇ, ಒಬ್ಬರಲ್ಲೇ ಎರಡೂ ಇರಬಹುದು, ರಕ್ತ ಪರೀಕ್ಷೆಲಿ ಗೊತ್ತಾಗಲ್ಲ. ಮೆಥಡೋನ್ ಅನ್ನೋ ಓಪಿಯಾಯ್ಡನ್ನ ಚಟ ಬಿಡಿಸೋಕೆ ಅಂತ ದಿನಾ ತಗೊಳ್ಳೋರ ಕೈನ ಐಸ್ ನೀರಲ್ಲಿ ಇಡಿಸಿ ನೋಡಿದಾರೆ, ಬೇರೆಯವರಿಗಿಂತ ಎಷ್ಟೋ ಬೇಗ ಕೈ ಎಳ್ಕೊಳ್ತಾರೆ. ಮನಸ್ಸಿಗೆ ಹಚ್ಕೊಂಡಿದಾರೆ ಅಂದೋರಿಗೆ ಇದನ್ನ ಯಾರಾದ್ರೂ ಹೇಳಬೇಕಿತ್ತು.

ಹೋಗ್ಲಿ, ವರ್ಷಗಟ್ಟಲೆ ತಗೊಂಡ್ರೆ ಲಾಭನಾದ್ರೂ ಇದೆಯಾ? 2018ರಲ್ಲಿ ಅಮೆರಿಕದಲ್ಲಿ ಬೆನ್ನು, ಸೊಂಟದ ಕೀಲು, ಮಂಡಿ ನೋವಿನ 240 ಜನರನ್ನ ಒಂದು ವರ್ಷ ನೋಡಿದ ಅಧ್ಯಯನ ಬಂತು. ಓಪಿಯಾಯ್ಡ್ ತಗೊಂಡೋರು ಬೇರೆ ಮಾತ್ರೆ ತಗೊಂಡೋರಿಗಿಂತ ಚೆನ್ನಾಗಿ ಓಡಾಡಲಿಲ್ಲ, ನೋವು ಇವರಿಗೇ ಒಂಚೂರು ಜಾಸ್ತಿ ಇತ್ತು.

ಇಷ್ಟು ಓದಿ, ಹಾಗಾದ್ರೆ ಬಂದ್ ಮಾಡಿಸ್ತೀವಿ ಅಂತ ಸುತ್ತೋಲೆ ಹೊರಡಿಸಿಬಿಡಬೇಡಿ, ಕೈ ಮುಗೀತೀನಿ. ಅಮೆರಿಕದವರು ಓಪಿಯಾಯ್ಡ್ ಬರೆದುಕೊಡೋದರ ಬಗ್ಗೆ 2016ರಲ್ಲಿ ಮಾಡಿದ ಮಾರ್ಗಸೂಚಿ ಆದ್ಮೇಲೆ ಆ ತಪ್ಪು ಮಾಡಿದ್ರು, ಎಷ್ಟೋ ಕಡೆ ಅದನ್ನ ಕಾನೂನು ಅನ್ನೋ ಹಾಗೆ ಹಿಡ್ಕೊಂಡು ದಿಢೀರಂತ ಡೋಸ್ ಕಡಿದ್ರು, 2019ರಲ್ಲಿ ಅಲ್ಲಿನ ಔಷಧ ನಿಯಂತ್ರಕರೇ ಹಾಗೆ ಕಡಿದ್ರೆ ನೋವು, ಆತ್ಮಹತ್ಯೆ ಎಲ್ಲಾ ಆಗಬಹುದು ಅಂತ ಎಚ್ಚರಿಸಬೇಕಾಯ್ತು, 2022ರಲ್ಲಿ ಮಾರ್ಗಸೂಚಿನೇ ತಿದ್ದಿದ್ರು. ಒಂದು ವರ್ಷಕ್ಕಿಂತ ಜಾಸ್ತಿ ತಗೊಂಡೋರಿಗೆ ತಿಂಗಳಿಗೆ ಶೇ. 10 ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸೋದೇ ಒಳ್ಳೇದು ಅಂತಾರೆ. ಇನ್ನೊಂದು, ನಿಲ್ಲಿಸಿದ ಮೇಲೆ ಒಗ್ಗಿದ್ದ ಮೈ ಹಳೇ ಸ್ಥಿತಿಗೆ ಬರುತ್ತೆ, ಆಗ ತಡೆಯೋಕಾಗದೆ ಯಾರಾದ್ರೂ ಹಳೇ ಡೋಸನ್ನೇ ನುಂಗಿದ್ರೆ ಉಸಿರೇ ನಿಂತುಹೋಗಬಹುದು. ಮತ್ತೆ ಕ್ಯಾನ್ಸರ್ ನೋವಲ್ಲಿರೋರಿಗೆ ಮಾರ್ಫಿನ್ ಸಿಗೋದನ್ನ ಇನ್ನಷ್ಟು ಕಷ್ಟ ಮಾಡಿದ್ರೆ ನನ್ನ ಪತ್ರ ಬರೀದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಕೋತೀನಿ.

ನಾನು ಕೇಳ್ತಿರೋದು ಸಣ್ಣದು. ಡೋಸ್ ಏರಿಸೋ ಮುಂಚೆ ಡಾಕ್ಟರು ನೋವು ಮೊದಲಿದ್ದ ಜಾಗದಲ್ಲೇ ಇದೆಯಾ, ಹರಡಿದೆಯಾ, ಮುಟ್ಟಿದ್ರೂ ನೋಯುತ್ತಾ, ಕಳೆದ ಸಲ ಏರಿಸಿದ ಮೇಲೆ ಏನಾಯ್ತು ಅಂತ ಕೇಳಿ ಚೀಟಿಲಿ ಬರೀಲೇಬೇಕು ಅಂತ ಮಾಡಿ, ಇಳಿಸೋದು ಹೇಗೆ ಅಂತ ಅವರಿಗೂ ತರಬೇತಿ ಕೊಡಿಸಿ. ಅಕ್ಕನಿಗೆ ಇಳಿಸಿದ್ದು ಬೇರೊಬ್ಬ ಡಾಕ್ಟರು, ಹನ್ನೊಂದು ತಿಂಗಳು ಹಿಡೀತು, ಪ್ರತಿ ಸಲ ಇಳಿಸಿದಾಗ್ಲೂ ಮೊದಲ ವಾರ ನರಕ. ಈಗ್ಲೂ ಅವಳ ಸೊಂಟ ನೋಯುತ್ತೆ, ಆದ್ರೆ ಸೊಂಟ ಮಾತ್ರ.

ಅವಳ ಹಳೇ ಚೀಟಿಗಳನ್ನೆಲ್ಲ ಎತ್ತಿಟ್ಟಿದೀನಿ, ಬೇಕಂದ್ರೆ ತಂದು ತೋರಿಸ್ತೀನಿ. ಡೋಸ್ ಏರಿಸಿದ ತಾರೀಖು ಎಲ್ಲದರಲ್ಲೂ ಇದೆ, ನೋವು ಎಲ್ಲಿ ಅಂತ ಒಂದರಲ್ಲೂ ಬರೆದಿಲ್ಲ.

ಇಂತಿ,
ನಾಲ್ಕು ವರ್ಷ ಮಾತ್ರೆ ಎಣಿಸಿಕೊಟ್ಟ ಒಬ್ಬ ತಮ್ಮ